ಹಸಿದವನ ಹೆಸರು ಯಾವ ಪುಸ್ತಕದಲ್ಲಿದೆ?

(ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಷ್ಟಕಾಲದಲ್ಲಿ ಸರಕಾರ ಮತ್ತು ಸಮಾಜ ಬಡವರಿಗೆ ಏನು ಕೊಟ್ಟವು ಎಂಬುದರ ಬಗ್ಗೆ ಬಹಳಷ್ಟು ಚರ್ಚೆಯಾಗುತ್ತದೆ. ಎಷ್ಟು ಕೋಟಿ ಬಿಡುಗಡೆಯಾಯಿತು, ಎಷ್ಟು ಕಿಟ್‌ಗಳು ಹಂಚಿಕೆಯಾದವು, ಯಾರು ಹಂಚಿದರು ಎಂದೆಲ್ಲ ಪತ್ರಿಕೆಗಳಲ್ಲಿ ಬರುತ್ತದೆ. ಆದರೆ ಕೊಟ್ಟದ್ದು ಯಾರಿಗೆ? ಅದು ಎಲ್ಲಿ ಬರೆದಿಡಲ್ಪಟ್ಟಿದೆ? ಆ ಬರಹವನ್ನು ಪಡೆದವನು ಓದಬಲ್ಲನೇ, ಪಡೆಯದವನು ಪ್ರಶ್ನಿಸಬಲ್ಲನೇ? ಇಂದು ನಾವು ಈ ಪ್ರಶ್ನೆಗಳನ್ನಷ್ಟೇ ನಿಮ್ಮ ಮುಂದಿಡಲು ಬಯಸುತ್ತೇವೆ. ಪರಿಹಾರದ ಪಟ್ಟಿ ಎಂಬುದು ಪರಿಹಾರದ ನಂತರ ಬರುವ ಕಚೇರಿ ಕೆಲಸವಲ್ಲ, ಅದು ಪರಿಹಾರದ ಅರ್ಧಭಾಗವೇ ಆಗಿದೆ ಎಂಬುದು ನಮ್ಮ ವಾದ. ಏಕೆಂದರೆ ಪಟ್ಟಿಯಲ್ಲಿಲ್ಲದವನ ಹಸಿವು ಸರಕಾರದ ಕಣ್ಣಿಗೆ ಬೀಳುವುದಿಲ್ಲ. ಬೀಳದೇ ಹೋದುದಕ್ಕೆ ಯಾರೂ ಉತ್ತರ ಹೇಳಬೇಕಾಗಿಯೂ ಬರುವುದಿಲ್ಲ.

ನಮ್ಮ ಜಿಲ್ಲೆ ದಾಖಲೆಗಳಿಗೆ ಪ್ರಸಿದ್ಧವಾದುದು. ಬೇಲೂರು, ಹಳೇಬೀಡು, ಶ್ರವಣಬೆಳಗೊಳದ ಶಾಸನಗಳನ್ನು ಓದಲು ದೇಶವಿದೇಶಗಳ ವಿದ್ವಾಂಸರು ಬರುತ್ತಾರೆ. ಬಿ.ಎಲ್. ರೈಸ್ ಅವರು ಮೈಸೂರು ಸೀಮೆಯ ಶಾಸನಗಳನ್ನು ಸಂಗ್ರಹಿಸಿ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಸಂಪುಟಗಳನ್ನು ಹೊರತಂದಾಗ ಹಾಸನ ಜಿಲ್ಲೆಗೆಂದೇ ಒಂದು ಸಂಪುಟ ಬೇಕಾಯಿತು. ಕೆರೆ ಕಟ್ಟಿಸಿದ ದೊರೆಯ ಹೆಸರು, ಭೂಮಿ ದಾನ ಕೊಟ್ಟ ದಂಡನಾಯಕನ ಹೆಸರು, ದಾನ ಪಡೆದವರ ಹೆಸರು ಅಲ್ಲಿ ಸಿಗುತ್ತವೆ. ಆದರೆ ಕೆರೆಯ ಮಣ್ಣು ಹೊತ್ತ ಗಂಡಾಳು, ಹೆಣ್ಣಾಳುಗಳ ಹೆಸರು ಸಾಮಾನ್ಯವಾಗಿ ಸಿಗುವುದಿಲ್ಲ. ಕೊಟ್ಟವನ ಹೆಸರು ಕಲ್ಲಿನ ಮೇಲೆ, ದುಡಿದವನ ಹೆಸರು ಎಲ್ಲಿಯೂ ಇಲ್ಲ. ಈ ಪದ್ಧತಿ ರಾಜರ ಕಾಲದೊಂದಿಗೆ ಮುಗಿದುಹೋಯಿತೆಂದು ಭಾವಿಸುವಂತಿಲ್ಲ.

1876ರಿಂದ 1878ರವರೆಗೆ ನಮ್ಮ ನಾಡನ್ನು ಕಾಡಿದ ಮಹಾ ಬರಗಾಲವನ್ನೇ ನೋಡಿರಿ. ಮೈಸೂರು ಆಗ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412 ಆಗಿತ್ತು. ಹತ್ತು ವರ್ಷಗಳ ಬಳಿಕ, 1881ರಲ್ಲಿ, ಅದು 41,86,188ಕ್ಕೆ ಇಳಿದಿತ್ತು. ಜನಸಂಖ್ಯೆ ಬೆಳೆಯಬೇಕಾದ ದಶಕದಲ್ಲಿ ಎಂಟೂಮುಕ್ಕಾಲು ಲಕ್ಷದಷ್ಟು ಜನ ಲೆಕ್ಕದಿಂದ ಕಾಣೆಯಾದರು. ಆ ಕಾಲದಲ್ಲಿ ಪರಿಹಾರ ಕಾಮಗಾರಿಗಳು ನಡೆದವು, ಗಂಜಿ ಕೇಂದ್ರಗಳು ತೆರೆದವು. ಬೆಂಗಳೂರು–ಮೈಸೂರು ರೈಲು ಮಾರ್ಗದ ಕೆಲಸ ಬರಪೀಡಿತರಿಗೆ ಕೂಲಿ ಒದಗಿಸುವ ಕಾಮಗಾರಿಯಾಗಿ ನಡೆಯಿತು. 1882ರಲ್ಲಿ ಆ ಮಾರ್ಗ ಮೈಸೂರನ್ನು ತಲುಪಿತು. ಇಂದಿಗೂ ಆ ಹಾದಿಯಲ್ಲಿ ರೈಲು ಓಡುತ್ತಿದೆ. ಅದಕ್ಕೆ ಮಣ್ಣು ಹೊತ್ತವರು ಯಾರು, ಅವರಲ್ಲಿ ಎಷ್ಟು ಮಂದಿ ಮನೆಗೆ ಮರಳಿದರು ಎಂದು ಕೇಳಿದರೆ ಹೆಸರುಗಳು ದೊರೆಯುವುದಿಲ್ಲ, ತಲೆಲೆಕ್ಕ ಮಾತ್ರ ದೊರೆಯುತ್ತದೆ.

ಅದೇ ಬರಗಾಲದಲ್ಲಿ ವೈಸರಾಯರ ಪ್ರತಿನಿಧಿಯಾಗಿ ದಕ್ಷಿಣ ಭಾರತಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್, ಖರ್ಚು ಉಳಿಸುವ ಸಲುವಾಗಿ ಪರಿಹಾರ ಕಾಮಗಾರಿಯ ಕೂಲಿಯನ್ನು ಇಳಿಸಿದರು. ದಿನವಿಡೀ ದುಡಿಯುವ ಗಂಡಾಳಿಗೆ ಒಂದು ಪೌಂಡ್ ಧಾನ್ಯ ಮತ್ತು ಕೈಗೆ ಅಲ್ಪ ಕಾಸು! ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಇದನ್ನು ಬಲವಾಗಿ ವಿರೋಧಿಸಿದರು. ಕೂಲಿಯವರ ದೇಹ ಕ್ಷೀಣಿಸುತ್ತಿರುವುದನ್ನು ಅವರು ವರದಿಗಳಲ್ಲಿ ಬರೆದಿಟ್ಟರು. ಮದರಾಸಿನಲ್ಲಿ ಆ ಕೂಲಿಯನ್ನು ಮತ್ತೆ ಏರಿಸಬೇಕಾಗಿ ಬಂದುದರಲ್ಲಿ ಈ ಬರಹಗಳ ಪಾತ್ರವಿತ್ತು. ಬರೆದಿಟ್ಟ ಒಂದು ಸತ್ಯ ಆಳುವವರ ಕೈಯನ್ನು ಹೇಗೆ ಕಟ್ಟಬಲ್ಲದೆಂಬುದಕ್ಕೆ ಇದೊಂದು ಉದಾಹರಣೆ. ಬರಗಾಲ ಮುಗಿದ ಮೇಲೆ 1880ರಲ್ಲಿ ಕ್ಷಾಮ ಆಯೋಗದ ವರದಿ ಬಂತು. ಅದರ ಆಧಾರದಲ್ಲಿ ಕ್ಷಾಮ ಸಂಹಿತೆಗಳು ರೂಪುಗೊಂಡವು. ದುಡಿಯಲಾಗದವರ ಪಟ್ಟಿಯನ್ನು ಊರೂರಿನಲ್ಲಿ ಮಾಡಬೇಕು, ದುಡಿಯಬಲ್ಲವರಿಗೆ ಕೆಲಸ ತೆರೆಯಬೇಕು ಎಂಬ ಕ್ರಮ ಆಗ ಬರಹರೂಪ ಪಡೆಯಿತು. ಆದರೆ ಅದು ಅಧಿಕಾರಿಯ ಕೈಪಿಡಿಯಾಗಿತ್ತು. ಹಸಿದವನ ಕೈಗೆ ಅದರಿಂದ ಯಾವ ಕಾಗದವೂ ಬರಲಿಲ್ಲ.

1929ರಲ್ಲಿ ಅಮೆರಿಕದಿಂದ ಆರಂಭವಾದ ಆರ್ಥಿಕ ಕುಸಿತ ಜಗತ್ತನ್ನೆಲ್ಲ ಆವರಿಸಿತು. ಆ ದೇಶದ ಸರಕಾರ 1935ರಲ್ಲಿ ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, 1943ರವರೆಗೆ ಸುಮಾರು 85 ಲಕ್ಷ ನಿರುದ್ಯೋಗಿಗಳಿಗೆ ಕೂಲಿ ಕೊಟ್ಟಿತು. ರಸ್ತೆ, ಶಾಲೆ, ಸೇತುವೆಗಳ ಕೆಲಸ ಮಾತ್ರವಲ್ಲ. ಕೆಲಸ ಕಳೆದುಕೊಂಡ ಗುಮಾಸ್ತರು ಮತ್ತು ಓದು ಬಲ್ಲವರನ್ನು ಊರೂರಿನ ನ್ಯಾಯಾಲಯ, ಕಚೇರಿಗಳಿಗೆ ಕಳುಹಿಸಿ, ಅಲ್ಲಿ ಧೂಳು ಹಿಡಿದಿದ್ದ ಸ್ಥಳೀಯ ದಾಖಲೆಗಳ ಪಟ್ಟಿ ಮಾಡಿಸುವುದನ್ನೂ ಪರಿಹಾರದ ಕೆಲಸವೆಂದೇ ಪರಿಗಣಿಸಲಾಯಿತು. ದಾಖಲೆಯನ್ನು ಕಾಪಾಡುವುದು ಸೇತುವೆ ಕಟ್ಟುವಷ್ಟೇ ಅಗತ್ಯವಾದ ಸಾರ್ವಜನಿಕ ಕೆಲಸವೆಂದು ಒಂದು ಸರಕಾರ ಬಡತನದ ನಡುವೆಯೂ ತಿಳಿದಿತ್ತು.

ಅದೇ ಕುಸಿತ ನಮ್ಮ ಮಲೆನಾಡಿನ ಕಾಫಿಯ ಬೆಲೆಯನ್ನೂ ತಟ್ಟಿತು. ಬೆಳೆಗಾರರ ರಕ್ಷಣೆಗೆಂದು 1935ರಲ್ಲಿ ಕಾಫಿ ಸೆಸ್ ಕಾಯ್ದೆ ಬಂತು, ಮುಂದೆ ಕಾಫಿ ಮಂಡಳಿ ಬಂತು. ತೋಟದ ಒಡೆಯನಿಗೆ ಕಾನೂನಿನ ಆಸರೆ ಅಂದೇ ದೊರೆಯಿತು. ಆದರೆ ಕೂಲಿಯವನು ಕೆಲಸ ಕೇಳಿದರೆ ಕೊಡಲೇಬೇಕೆಂಬ ರಾಷ್ಟ್ರೀಯ ಕಾನೂನಿಗೆ ಆತ ಇನ್ನೂ ಎಪ್ಪತ್ತು ವರ್ಷ ಕಾಯಬೇಕಾಯಿತು!

ಆ ಕಾನೂನು 2005ರಲ್ಲಿ ಬಂದ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ. ಕರ್ನಾಟಕದಲ್ಲಿ ಮೊದಲು ಐದು ಜಿಲ್ಲೆಗಳಿಗೆ ಅದು ಬಂತು. 2007ರಲ್ಲಿ ಎರಡನೆಯ ಹಂತದಲ್ಲಿ ಹಾಸನ ಜಿಲ್ಲೆಯೂ ಸೇರಿತು. ವರ್ಷಕ್ಕೆ ಒಂದು ಕುಟುಂಬಕ್ಕೆ 100 ದಿನಗಳ ಕೆಲಸ ಎಂಬ ಭಾಗವನ್ನು ಎಲ್ಲರೂ ಬಲ್ಲರು. ಅದರ ಇನ್ನೊಂದು ಭಾಗವನ್ನು ಅರಿತವರು ಕಡಿಮೆ. ನಾವು ಅದನ್ನೇ ಹೆಚ್ಚು ಮಹತ್ವದ್ದೆಂದು ಭಾವಿಸುತ್ತೇವೆ. ಆ ಕಾನೂನಿನಲ್ಲಿ ಕೂಲಿಯವನ ಹೆಸರು ಮೊದಲ ಬಾರಿಗೆ ಅವನ ಕೈಯಲ್ಲೇ ಇರುವ ದಾಖಲೆಯಾಯಿತು. ಜಾಬ್ ಕಾರ್ಡ್ ಅವನ ಮನೆಯಲ್ಲಿ ಇರತಕ್ಕದ್ದು. ನಮೂನೆ-6ರಲ್ಲಿ ಕೆಲಸ ಕೇಳಿದಾಗ ದಿನಾಂಕ ಹಾಕಿದ ಸ್ವೀಕೃತಿ ಕೊಡತಕ್ಕದ್ದು. 15 ದಿನಗಳೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಸಲ್ಲತಕ್ಕದ್ದು. ಕೆಲಸದ ಸ್ಥಳದ ಹಾಜರಿ ಪಟ್ಟಿಯನ್ನು, ಅಂದರೆ ನಮ್ಮ ಹಳ್ಳಿಗಳಲ್ಲಿ ಎನ್‌ಎಂಆರ್ ಎನ್ನುವುದನ್ನು, ಯಾರು ಬೇಕಾದರೂ ನೋಡಬಹುದು. ಗ್ರಾಮಸಭೆ ಅದನ್ನೆಲ್ಲ ಸಾಮಾಜಿಕ ಪರಿಶೋಧನೆಗೆ ಒಳಪಡಿಸಬೇಕು.

ಈ ಷರತ್ತುಗಳು ತಾವಾಗಿ ಬಂದವಲ್ಲ. ರಾಜಸ್ಥಾನದ ಬಡ ಕೂಲಿಕಾರರು ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಎಂಬ ಸಂಘಟನೆಯ ಮೂಲಕ 1994ರ ಡಿಸೆಂಬರಿನಲ್ಲಿ ತಮ್ಮ ಮೊದಲ ಜನಸುನವಾಯಿ ನಡೆಸಿದರು. ಬರಪರಿಹಾರದ ಕಾಮಗಾರಿಗಳ ಹಾಜರಿ ಪಟ್ಟಿಗಳನ್ನು ಊರಿನವರ ಮುಂದೆ ಗಟ್ಟಿಯಾಗಿ ಓದುವುದೇ ಅಂತಹ ಸಭೆಗಳ ಕ್ರಮವಾಗಿತ್ತು. ಸತ್ತವರ ಹೆಸರಿನಲ್ಲಿ ಕೂಲಿ, ಊರು ಬಿಟ್ಟವರ ಹೆಸರಿನಲ್ಲಿ ಕೂಲಿ, ಕಟ್ಟದ ಕಟ್ಟಡಕ್ಕೆ ಬಿಲ್ಲು—ಎಲ್ಲವೂ ಆ ಓದಿನಲ್ಲಿ ಹೊರಬಂತು. 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರು ಅಲ್ಲಿದೆ. ಶಾಲೆಯ ಮೆಟ್ಟಿಲು ಹತ್ತದ ಕೂಲಿಕಾರರು ಕಾಗದದ ಬಲವನ್ನು ವಿದ್ಯಾವಂತರಿಗಿಂತ ಮೊದಲೇ ಅರಿತಿದ್ದರು.

ಇನ್ನು 2020ಕ್ಕೆ ಬರೋಣ. ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿತ್ತು. ಚನ್ನರಾಯಪಟ್ಟಣ ತಾಲೂಕಿನ ಅನೇಕ ಕುಟುಂಬಗಳು ಹೊಟ್ಟೆಪಾಡಿಗಾಗಿ ಮುಂಬಯಿ ಸೇರಿದ್ದವು. ಮೇ ಎರಡನೆಯ ವಾರದವರೆಗೆ ಹಾಸನ ಜಿಲ್ಲೆಯಲ್ಲಿ ಕೊರೋನಾದ ಒಂದು ಪ್ರಕರಣವೂ ಇರಲಿಲ್ಲ. ಮುಂಬಯಿಯಿಂದ ಮರಳಿದವರಲ್ಲಿ ಸೋಂಕು ಕಂಡುಬಂದ ಬಳಿಕ ಆಡಳಿತ ಎಚ್ಚೆತ್ತುಕೊಂಡಿತು. ಹೊರಗಿನಿಂದ ಬರುವವರು ನೋಂದಾಯಿಸಿಕೊಳ್ಳಬೇಕಾಯಿತು. ಹೆಸರು, ವಿಳಾಸ, ಮೊಬೈಲ್ ಸಂಖ್ಯೆ, ಎಲ್ಲಿಂದ ಬಂದರು, ಎಲ್ಲಿ ಕ್ವಾರಂಟೈನ್ ಆದರು ಎಂಬುದೆಲ್ಲ ಬರೆದಿಡಲ್ಪಟ್ಟಿತು. ಸರಕಾರಕ್ಕೆ ಮನಸ್ಸಿದ್ದರೆ ಕೆಲವೇ ದಿನಗಳಲ್ಲಿ ಮನೆಮನೆಯ ಪಟ್ಟಿ ಮಾಡಬಲ್ಲದು ಎಂಬುದು ಆಗ ಸಾಬೀತಾಯಿತು.

ಅದೇ ವರ್ಷ ಉದ್ಯೋಗ ಖಾತರಿಗೆ ಬೇಡಿಕೆ ಉಕ್ಕಿತು. ದೇಶದಲ್ಲಿ 2019–20ರಲ್ಲಿ ಸುಮಾರು 265 ಕೋಟಿ ಮಾನವ ದಿನಗಳ ಕೆಲಸವಾಗಿದ್ದರೆ, 2020–21ರಲ್ಲಿ ಅದು ಸುಮಾರು 389 ಕೋಟಿಗೆ ಏರಿತು. ಕರ್ನಾಟಕದಲ್ಲಿ ದಿನಗೂಲಿ ಆಗ 275 ರೂಪಾಯಿ. ನಗರದಿಂದ ಬರಿಗೈಯಲ್ಲಿ ಮರಳಿದವರಿಗೆ ಕೆರೆಯ ಹೂಳೆತ್ತುವ, ಬದು ಹಾಕುವ ಆ ಕೆಲಸ ಬದುಕಿನ ಆಸರೆಯಾಯಿತು. ಈಗ ನಾವು ಕೇಳುವುದಿಷ್ಟೇ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಆ ವರ್ಷದ ಎರಡು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದು, ಹೊರಗಿನಿಂದ ಮರಳಿದವರ ಪಟ್ಟಿ. ಇನ್ನೊಂದು, ಕೆಲಸ ಪಡೆದವರ ಹಾಜರಿ ಪಟ್ಟಿ. ಮೊದಲನೆಯದರಲ್ಲಿದ್ದ ಎಷ್ಟು ಬಡವರು ಎರಡನೆಯದರಲ್ಲೂ ಇದ್ದಾರೆ? ರೋಗ ಹರಡುವವನೆಂದು ಗುರುತಿಸಲು ತೋರಿದ ಶ್ರದ್ಧೆಯನ್ನು ಹಸಿದವನೆಂದು ಗುರುತಿಸುವಲ್ಲೂ ತೋರಲಾಯಿತೇ? ಇದಕ್ಕೆ ಉತ್ತರ ಭಾಷಣದಲ್ಲಿ ಸಿಗದು, ಪಂಚಾಯಿತಿಯ ಕಡತದಲ್ಲಿ ಸಿಗಬೇಕು.

ಆದರೆ ನಾವು, ಈ ಸಭೆಯಲ್ಲಿರುವ ಬಹುತೇಕರು, ಪಟ್ಟಣವಾಸಿಗಳು. ಕರ್ನಾಟಕದ ಮುಸ್ಲಿಮರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಗರ-ಪಟ್ಟಣಗಳಲ್ಲಿದ್ದಾರೆ. ಉದ್ಯೋಗ ಖಾತರಿ ಗ್ರಾಮ ಪಂಚಾಯಿತಿಯ ಗಡಿಯಲ್ಲೇ ನಿಲ್ಲುತ್ತಿತ್ತು. ಹಳ್ಳಿಯ ಕೂಲಿಯವನಿಗೆ ಕೆಲಸ ಕೇಳುವ ಹಕ್ಕಿತ್ತು, ಪಟ್ಟಣದ ಹಮಾಲಿಗೆ ಇರಲಿಲ್ಲ. 1997ರಲ್ಲಿ ಆರಂಭವಾದ ಸ್ವರ್ಣ ಜಯಂತಿ ಶಹರಿ ರೋಜ್‌ಗಾರ್ ಯೋಜನೆಯಲ್ಲಿ ಐದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಪಟ್ಟಣಗಳ ಬಡವರಿಗೆ ಕೂಲಿ ಕೆಲಸ ಕೊಡುವ ಒಂದು ಭಾಗವಿತ್ತು. ಹಾಸನದಂತಹ ಊರಿಗೆ ಹೊಂದುವಂತಹುದೇ ಅದು. 2013ರಲ್ಲಿ ಅದರ ಜಾಗಕ್ಕೆ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಬಂದಾಗ ತರಬೇತಿ, ಸಾಲ, ಸ್ವಸಹಾಯ ಸಂಘಗಳು ಉಳಿದವು, ಕೂಲಿ ಕೆಲಸದ ಭಾಗ ಬಿಟ್ಟುಹೋಯಿತು. ಕೇರಳ 2010ರಲ್ಲಿಯೇ ಅಯ್ಯಂಕಾಳಿಯವರ ಹೆಸರಿನಲ್ಲಿ ನಗರ ಉದ್ಯೋಗ ಖಾತರಿ ಆರಂಭಿಸಿತ್ತು. ರಾಜಸ್ಥಾನ 2022ರಲ್ಲಿ ಅದೇ ಹಾದಿ ಹಿಡಿಯಿತು. ನಮ್ಮ ಪಟ್ಟಣಗಳ ದುಡಿಯುವವರು ಅಂತಹ ಬೇಡಿಕೆಯನ್ನು ಮುಂದಿಡಬೇಕಿದ್ದರೆ ಮೊದಲು ತಾವೆಷ್ಟು ಮಂದಿ ಇದ್ದೇವೆಂದು ತೋರಿಸಬೇಕು.

ಪಟ್ಟಿಯ ಬೆಲೆ ಏನೆಂಬುದು ಆ ಎರಡು ವರ್ಷಗಳಲ್ಲಿ ಪಟ್ಟಣದವರಿಗೂ ತಿಳಿಯಿತು. 2020ರ ಮೇ ತಿಂಗಳಲ್ಲಿ ರಾಜ್ಯ ಸರಕಾರ 1,610 ಕೋಟಿ ರೂಪಾಯಿಗಳ ಪ್ಯಾಕೇಜ್ ಘೋಷಿಸಿತು. ಅಗಸರು ಮತ್ತು ಕ್ಷೌರಿಕರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ. ಕಟ್ಟಡ ಕಾರ್ಮಿಕರಿಗೆ ಮೊದಲು 2,000, ನಂತರ 3,000. ಆದರೆ ಕಟ್ಟಡ ಕಾರ್ಮಿಕನೆಂದರೆ ಗಾರೆ ಹೊರುವವನಲ್ಲ, ಮಂಡಳಿಯಲ್ಲಿ ನೋಂದಾಯಿಸಿಕೊಂಡವನು. 2021ರ ಮೇ ತಿಂಗಳ ಪ್ಯಾಕೇಜಿನಲ್ಲಿ ದರ್ಜಿಗಳು, ಮೆಕ್ಯಾನಿಕ್‌ಗಳು, ಚಿಂದಿ ಆಯುವವರು, ಹಮಾಲಿಗಳು, ಮನೆಗೆಲಸದವರು ಮೊದಲಾದವರಿಗೆ 2,000 ರೂಪಾಯಿ ಘೋಷಣೆಯಾಯಿತು. ನಮ್ಮ ಮೊಹಲ್ಲಾಗಳ ಕಸುಬುಗಳೇ ಇವು. ಬೀದಿ ಬದಿ ವ್ಯಾಪಾರಿಗಳಿಗೂ 2,000 ಸಿಕ್ಕಿತು, ಆದರೆ ನೋಂದಾಯಿತರಿಗೆ. ತಳ್ಳುಗಾಡಿಯಲ್ಲಿ ಇಪ್ಪತ್ತು ವರ್ಷ ಹಣ್ಣು ಮಾರಿದವನು ಸಮೀಕ್ಷೆಯ ದಿನ ಊರಲ್ಲಿಲ್ಲದಿದ್ದರೆ ಕಾನೂನಿನ ಲೆಕ್ಕದಲ್ಲಿ ವ್ಯಾಪಾರಿಯೇ ಆಗಿರಲಿಲ್ಲ. ಎರಡು ಸಾವಿರ ದೊಡ್ಡ ಮೊತ್ತವೇನಲ್ಲ. ಆದರೆ ಅಂಗಡಿ ಮುಚ್ಚಿದ ತಿಂಗಳಲ್ಲಿ ಅದು ಒಂದು ಮನೆಯ ಅಕ್ಕಿ, ಎಣ್ಣೆ ಮತ್ತು ಔಷಧಿ.

ಸಾಚಾರ್ ಸಮಿತಿ 2006ರಲ್ಲಿ ತನ್ನ ವರದಿ ಕೊಟ್ಟಾಗ ಎಲ್ಲರೂ ಅದರ ಬಡತನ ಮತ್ತು ಶಿಕ್ಷಣದ ಅಂಕಿಗಳನ್ನು ಉದ್ಧರಿಸಿದರು. ಸರಕಾರಿ ಯೋಜನೆಗಳ ಲಾಭ ಯಾವ ಸಮುದಾಯಕ್ಕೆ ಎಷ್ಟು ತಲುಪುತ್ತಿದೆಯೆಂಬ ಮಾಹಿತಿಯೇ ಸರಿಯಾಗಿ ಲಭ್ಯವಿಲ್ಲ, ಆದ್ದರಿಂದ ರಾಷ್ಟ್ರೀಯ ದತ್ತಾಂಶ ಕೋಶ ಬೇಕು ಎಂದು ಆ ಸಮಿತಿ ಹೇಳಿದ್ದನ್ನು ಕಡಿಮೆ ಜನ ಗಮನಿಸಿದರು. ಅನ್ಯಾಯವಾಗಿದೆ ಎಂದು ಕೂಗುವುದು ಸುಲಭ. ಎಲ್ಲಿ, ಯಾರಿಗೆ, ಎಷ್ಟು ಎಂದು ಕೇಳಿದಾಗ ಕಾಗದ ತೋರಿಸುವುದು ಕಷ್ಟ. ಕಾಗದವಿಲ್ಲದ ದೂರು ಕಚೇರಿಯ ಬಾಗಿಲಲ್ಲೇ ಉಳಿಯುತ್ತದೆ.

ಸಹೋದರ ಸಹೋದರಿಯರೇ, ಸರಕಾರವನ್ನು ಪ್ರಶ್ನಿಸುವ ನಾಲಗೆಗೆ ಬಲ ಬರಬೇಕಾದರೆ ಸ್ವಂತ ಮನೆಯ ಲೆಕ್ಕವೂ ಸ್ವಚ್ಛವಾಗಿರಬೇಕು. ಸಾಲದ ವ್ಯವಹಾರವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು ಎಂಬ ಆದೇಶವಿರುವ ಅಲ್ ಬಕರಃ ಅಧ್ಯಾಯದ ಸೂಕ್ತವೇ ಇಡೀ ಕುರ್‌ಆನ್‌ನಲ್ಲಿ ಅತಿ ದೀರ್ಘವಾದುದು ಎಂಬುದನ್ನು ಮದ್ರಸದ ಮಕ್ಕಳೂ ಬಲ್ಲರು. ಖಲೀಫಾ ಉಮರ್(ರ) ಅವರ ಕಾಲದಲ್ಲಿ, ಹಿಜರಿ 18ರಲ್ಲಿ, ಅರೇಬಿಯಾವನ್ನು ಭೀಕರ ಬರ ಕಾಡಿತು. ಅವರು ಶಾಮ್‌ನಿಂದ ಆಹಾರ ತರಿಸಿ ಜನರಿಗೆ ಹಂಚಿದರು. ಹಕ್ಕುದಾರರ ಹೆಸರುಗಳನ್ನು ಬರೆದಿಡುವ ದೀವಾನ್ ಎಂಬ ದಫ್ತರ ಸ್ಥಾಪಿಸಿದವರೂ ಅವರೇ. ಹಂಚುವವನ ಔದಾರ್ಯದ ಮೇಲಲ್ಲ, ಪಡೆಯುವವನ ಹಕ್ಕಿನ ಮೇಲೆ ಹಂಚಿಕೆ ನಿಲ್ಲಬೇಕೆಂಬುದು ಆ ದಫ್ತರದ ಅರ್ಥ.

ಲಾಕ್‌ಡೌನ್ ದಿನಗಳಲ್ಲಿ ನಮ್ಮ ಮಸೀದಿಗಳು, ಯುವಕರ ತಂಡಗಳು ಜಾತಿ-ಧರ್ಮ ನೋಡದೆ ಹಂಚಿದ ಅಕ್ಕಿ ಬೇಳೆಗೆ ಲೆಕ್ಕವಿಲ್ಲ ಎಂದು ನಾವು ಹೆಮ್ಮೆಯಿಂದ ಹೇಳುವುದುಂಟು. ಲೆಕ್ಕವಿಲ್ಲ ಎಂಬುದು ಹೆಮ್ಮೆಯ ಮಾತಾಗಬಾರದು. ಯಾವ ಓಣಿಗೆ ಮೂರು ಬಾರಿ ತಲುಪಿತು, ಯಾವ ಓಣಿಗೆ ಒಮ್ಮೆಯೂ ತಲುಪಲಿಲ್ಲ? ಕೈಚಾಚಲು ನಾಚುವ ವಿಧವೆಯ ಮನೆ ಯಾರ ಪಟ್ಟಿಯಲ್ಲಿತ್ತು? ಕೊಟ್ಟದ್ದಕ್ಕೆ ಫೋಟೋ ಇದೆ, ಪುಸ್ತಕವಿಲ್ಲ ಎಂಬ ಸ್ಥಿತಿ ಎಲ್ಲಿದೆಯೋ ಅಲ್ಲಿ ತಿದ್ದುಪಡಿ ಬೇಕು. ಕಿಟ್ ಹಿಡಿದು ನಿಂತ ಬಡವನ ಚಿತ್ರ ಊರಿಗೆಲ್ಲ ಹಂಚಲ್ಪಡುತ್ತದೆ, ಮುಂದಿನ ತಿಂಗಳು ಆತ ಏನು ತಿಂದನೆಂಬುದು ಯಾರಿಗೂ ತಿಳಿಯದು. ಆಗಬೇಕಾದುದು ಇದರ ತಿರುವುಮುರುವು. ಹೆಸರು ಗೋಪ್ಯವಾಗಿರಬೇಕು, ಲೆಕ್ಕ ಬಹಿರಂಗವಾಗಿರಬೇಕು. ಫಲಾನುಭವಿಯ ಹೆಸರಿರುವ ಪುಸ್ತಕ ಇಬ್ಬರು ಮೂವರು ನಂಬಿಗಸ್ತರ ಬಳಿ ಇರಲಿ. ಎಷ್ಟು ಬಂತು, ಎಷ್ಟು ಮನೆಗಳಿಗೆ ಹೋಯಿತು, ಎಷ್ಟು ಉಳಿಯಿತು ಎಂಬ ಮೊತ್ತ ಮಸೀದಿಯ ಫಲಕದಲ್ಲಿ ಎಲ್ಲರೂ ಓದುವಂತಿರಲಿ.

ಇಂದು ಈ ಕೆಲಸ ತುರ್ತಿನದು. ಏಕೆಂದರೆ ಕಾನೂನುಗಳು ಬದಲಾಗುತ್ತಿವೆ. 2025ರ ಡಿಸೆಂಬರಿನಲ್ಲಿ ಸಂಸತ್ತು 2005ರ ಕಾಯ್ದೆಯ ಜಾಗಕ್ಕೆ ವಿಬಿ-ಜಿ ರಾಮ್ ಜಿ ಎಂಬ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಅದು 125 ದಿನಗಳ ಕೆಲಸದ ಮಾತಾಡುತ್ತದೆ. ನಮ್ಮಂತಹ ರಾಜ್ಯಗಳು ಖರ್ಚಿನ ಶೇಕಡ 40ರಷ್ಟನ್ನು ಹೊರಬೇಕೆಂದೂ ಹೇಳುತ್ತದೆ. ಇದಕ್ಕೆ ಮುಂಚೆಯೇ, 2023ರಿಂದ ಹಾಜರಿ ಮೊಬೈಲ್ ಆ್ಯಪ್‌ನ ಫೋಟೋಗೆ, 2024ರಿಂದ ಕೂಲಿ ಪಾವತಿ ಆಧಾರ್ ಜೋಡಣೆಗೆ ಬದ್ಧವಾಗಿದ್ದವು. ಕಾಗದ ಹೋಗಿ ತೆರೆ ಬಂದಾಗ ಕಳ್ಳತನ ಕಡಿಮೆಯಾಗುವುದೆಂಬ ನಿರೀಕ್ಷೆ ಸರಿಯೇ. ಆದರೆ ಸಿಗ್ನಲ್ ಸಿಗದ ದಿನ, ಹೆಸರಿನ ಒಂದು ಅಕ್ಷರ ತಪ್ಪಿದ ದಿನ, ದುಡಿದವನ ದುಡಿಮೆ ತೆರೆಯ ಮೇಲೆ ಕಾಣದು. ಆಗ ಅವನ ಕೈಯಲ್ಲಿ ಉಳಿಯುವುದು ತಾನೇ ಬರೆದಿಟ್ಟುಕೊಂಡದ್ದು ಮಾತ್ರ. ಒಂದು ಕಾನೂನು ಹೋಗಿ ಇನ್ನೊಂದು ಬರುವಾಗ ಬಾಕಿ ಕೂಲಿಯ ದಾಖಲೆಗಳು ಮೂಲೆಗೆ ಸೇರುವ ಭಯವೂ ಇದೆ.

ಆದ್ದರಿಂದ ನಮ್ಮ ಸಲಹೆಗಳು ಸರಳವಾಗಿವೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ—ಈ ನಾಲ್ಕೂ ಊರುಗಳ ಜಮಾಅತ್‌ಗಳಲ್ಲಿ ಪದವಿ ಪಡೆದ ಯುವಕ ಯುವತಿಯರಿದ್ದಾರೆ. ವಾರಕ್ಕೊಂದು ಸಂಜೆ ಅವರು ಮಸೀದಿಯ ಪಕ್ಕದ ಕೋಣೆಯಲ್ಲೋ ಶಾಲೆಯಲ್ಲೋ ಕುಳಿತು, ಬಂದವರ ಅರ್ಜಿ ಬರೆದುಕೊಡಲಿ. ಬರುವವನು ಯಾವ ಧರ್ಮದವನೆಂದು ಕೇಳದಿರಲಿ. ಕಟ್ಟಡ ಕೆಲಸದವರು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ ಆಧಾರದಲ್ಲಿ ಮಂಡಳಿಗೆ ನೋಂದಾಯಿಸಿಕೊಳ್ಳಲಿ. ಮನೆಗೆಲಸದ ತಾಯಂದಿರು, ದರ್ಜಿಗಳು, ಗುಜರಿಯವರು 2021ರಲ್ಲಿ ಆರಂಭವಾದ ಇ-ಶ್ರಮ್‌ನಲ್ಲಿ ಹೆಸರು ಬರೆಸಲಿ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯಂತೆ ಸಮೀಕ್ಷೆ ಎಂದು ನಡೆಯಿತು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿ ಯಾರು ಎಂದು ನಗರಾಡಳಿತವನ್ನು ಲಿಖಿತವಾಗಿ ಕೇಳಲಿ. ಹಳ್ಳಿಗಳಲ್ಲಿರುವ ನಮ್ಮ ಬಂಧುಗಳು ಗ್ರಾಮಸಭೆಗೆ ಮತ್ತು ವರ್ಷಕ್ಕೊಮ್ಮೆ ನಡೆಯುವ ಪಂಚಾಯಿತಿಯ ಜಮಾಬಂದಿಗೆ ತಪ್ಪದೆ ಹೋಗಲಿ. ಕೊಟ್ಟ ಪ್ರತಿ ಅರ್ಜಿಗೂ ದಿನಾಂಕ, ಸಹಿ, ಮೊಹರಿರುವ ಸ್ವೀಕೃತಿ ಕೇಳಲಿ. ಬಾಯಿಮಾತಿನ ಭರವಸೆ ಸ್ವೀಕೃತಿಯಲ್ಲ.

ತಾಯಂದಿರಿಗೆ ಒಂದು ಮಾತು. ಮನೆಯ ಕಾಗದಗಳನ್ನು ಕಾಪಾಡುವವರು ನೀವೇ. ಪಡಿತರ ಚೀಟಿ, ಜಾಬ್ ಕಾರ್ಡ್, ಕಾರ್ಮಿಕ ಕಾರ್ಡ್, ಬ್ಯಾಂಕ್ ಪಾಸ್‌ಬುಕ್‌ಗಳ ಜೊತೆಗೆ ಒಂದು ನೋಟುಪುಸ್ತಕವಿರಲಿ. ಯಾವ ದಿನ ಯಾರು ಎಲ್ಲಿ ದುಡಿದರು, ಎಷ್ಟು ಬರಬೇಕು, ಎಷ್ಟು ಬಂತು ಎಂದು ಶಾಲೆಗೆ ಹೋಗುವ ಮಗಳ ಕೈಯಿಂದ ಬರೆಸಿರಿ. ಮುಂದೊಂದು ದಿನ ಬರವೋ ರೋಗವೋ ಮಾರುಕಟ್ಟೆಯ ಕುಸಿತವೋ ಬಂದೇ ಬರುತ್ತದೆ. ಆಗ ಕಚೇರಿಯ ಮೇಜಿನ ಮುಂದೆ ನಿಮ್ಮ ಮನೆಯ ಪರವಾಗಿ ಮಾತನಾಡುವುದು ಆ ಪುಸ್ತಕವೇ.

1877ರಲ್ಲಿ ಈ ಸೀಮೆಯಲ್ಲಿ ಮಡಿದವರಿಗಾಗಿ ಇಂದು ಯಾರೂ ಏನೂ ಮಾಡಲಾಗದು, ಅವರ ಹೆಸರುಗಳನ್ನು ಹೇಳಿಕೊಳ್ಳುವುದೂ ಸಾಧ್ಯವಿಲ್ಲ. ಬದುಕಿರುವವರ ಹೆಸರುಗಳನ್ನು ಬರೆಯುವುದು ಸಾಧ್ಯವಿದೆ. ಮುಂದಿನ ಶುಕ್ರವಾರದೊಳಗೆ ಪ್ರತಿ ಜಮಾಅತ್ ಇಬ್ಬರು ಬರೆಯುವವರನ್ನು ನೇಮಿಸಲಿ ಎಂದು ಕೋರಿ ನಮ್ಮ ಮಾತು ಮುಗಿಸುತ್ತೇವೆ.